ಹ್ಯಾಂಗರ್ ಯಾವುದಾದರೇನು?

ನಾನು ಒಂದು ಹ್ಯಾಂಗರ್. ಹಾಗೆಂದ ಕೂಡಲೇ ನಿಮ್ಮ ಮುಖದಲ್ಲಿ ಒಂದು ನಗು ಬಂತಲ್ಲ, ಅದನ್ನು ಮೊದಲು ಒಳಗೆ ಹಾಕಿಕೊಳ್ಳಿ. ಕುರ್ಚಿ ತನ್ನ ಕಥೆ ಹೇಳಿದರೆ ತಲೆದೂಗುತ್ತೀರಿ, ಹಳೇ ಗಡಿಯಾರ ಹೇಳಿದರೆ ಕಣ್ಣೊರೆಸಿಕೊಳ್ಳುತ್ತೀರಿ. ಹ್ಯಾಂಗರಿಗೇನು ಮಹಾ ಕಥೆ ಅನ್ನುತ್ತೀರಿ. ಇದೆ ಸ್ವಾಮಿ, ಇದೆ. ಹೊಟ್ಟೆಯೇ ಇಲ್ಲದ ನನಗೂ ಹೊಟ್ಟೆ ಉರಿಯುವಷ್ಟು ಇದೆ. ನಿಮ್ಮ ಮನೆಯ ಬಾಗಿಲ ಹಿಂದೆ, ಮಂಚದ ಮೇಲೆ, ಕುರ್ಚಿಯ ಬೆನ್ನಿಗೆ ನನ್ನ ಬಂಧುಗಳು ಹೇಗೆ ಬಿದ್ದಿದ್ದಾರೆಂದು ಒಮ್ಮೆ ನೋಡಿಕೊಂಡು ಬನ್ನಿ. ಆಮೇಲೆ ಕೂತು ಕೇಳಿ.

ನಾನು ಹುಟ್ಟಿದ್ದು ಚನ್ನಪಟ್ಟಣದಲ್ಲಿ, ಗೊಂಬೆ ಮಾಡುವ ಮೆಹಬೂಬ್ ಸಾಬರ ಕೈಯಲ್ಲಿ. ಹಾಲೆಮರದ ಒಂದು ಕೊಂಬೆ ಅವರ ಮುಂದೆ ಬಂತು. ಅದರ ದಪ್ಪ ಭಾಗವನ್ನು ಅವರು ಕುದುರೆ ಮಾಡಿದರು. ಉಳಿದ ಸಣ್ಣ ಭಾಗವನ್ನು ತಿರುಗುವ ಯಂತ್ರಕ್ಕೆ ಸಿಕ್ಕಿಸಿ, ಎರಡು ತೋಳು ಕಡೆದು, ನಡುವೆ ಒಂದು ಗುಂಡು ತಲೆ ಕೂರಿಸಿ, ತಲೆಗೊಂದು ಹಿತ್ತಾಳೆ ಕೊಕ್ಕೆ ತಿರುಪಿದರು. ಕೆಂಪು ಅರಗು ಹಚ್ಚಿ, ತುದಿಗಳಿಗೆ ಹಳದಿ ಪಟ್ಟಿ ಬರೆದು, ತಾಳೆಗರಿಯಿಂದ ಉಜ್ಜಿ ಉಜ್ಜಿ ಹೊಳಪು ತಂದರು. ಅದು ನಾನು. ಒಂದೇ ಕೊಂಬೆ, ಒಂದೇ ಬಣ್ಣ, ಒಂದೇ ಕೈ. ಆದರೆ ಕುದುರೆಯನ್ನು ಕಂಡವರೆಲ್ಲ ಎತ್ತಿ ಮುದ್ದಿಸಿದರು. ನನ್ನನ್ನು ಕಂಡವರು ಜಗ್ಗಿ ನೋಡಿ, ಗಟ್ಟಿಯಾಗಿದೆಯಾ ಎಂದು ಕೇಳಿದರು. ಅಂದೇ ನನಗೆ ಗೊತ್ತಾಗಬೇಕಿತ್ತು.

ಹೆದ್ದಾರಿಯ ಪಕ್ಕದ ಗೊಂಬೆ ಅಂಗಡಿಯಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತಿದ್ದೆವು. ಒಂದು ದಿನ ಹೊಸದಾಗಿ ಮದುವೆಯಾದ ಜೋಡಿಯೊಂದು ಕಾಫಿ ಕುಡಿಯಲು ಕಾರು ನಿಲ್ಲಿಸಿ ಒಳಗೆ ಬಂತು. ಹುಡುಗಿಯ ಹೆಸರು ವಿನುತ. ಅವಳ ಕೈ ನೇರವಾಗಿ ಕುದುರೆಯ ಮೇಲೆ ಹೋಯಿತು. ಗಂಡ ಶ್ರೀಕಂಠ ಬ್ಯಾಂಕಿನಲ್ಲಿ ಕೆಲಸ ಮಾಡುವವನು. ಅವನು ಕುದುರೆಯನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿಟ್ಟ.

"ಕುದುರೆ ತಗೊಂಡು ಏನ್ ಮಾಡ್ತೀಯ? ಈ ಹ್ಯಾಂಗರ್ ತಗೋ, ಉಪಯೋಗಕ್ಕೆ ಬರುತ್ತೆ."

ಉಪಯೋಗಕ್ಕೆ ಬರುತ್ತೆ! ನನ್ನ ಬಾಳಿನಲ್ಲಿ ನಾನು ಕೇಳಿದ ಮೊದಲ ಬೈಗುಳ ಅದು. ಕುದುರೆ ಯಾವ ಉಪಯೋಗಕ್ಕೂ ಬಾರದೆ ಯಾರದೋ ಗಾಜಿನ ಕಪಾಟಿನಲ್ಲಿ ಇಂದಿಗೂ ಸುಖವಾಗಿ ನಿಂತಿರುತ್ತದೆ. ನಾನು ಹಳೇ ಪೇಪರಿನಲ್ಲಿ ಸುತ್ತಿಸಿಕೊಂಡು ಮೈಸೂರಿಗೆ ಹೊರಟೆ.

ಮನೆ ಇದ್ದದ್ದು ಸರಸ್ವತಿಪುರಂನಲ್ಲಿ. ಮನೆಯ ಯಜಮಾನಿ ಶ್ರೀಕಂಠನ ತಾಯಿ ಗೌರಾಂಬನವರು. ಅವರನ್ನು ಕೆಟ್ಟವರು ಎಂದು ನಾನು ಹೇಳುವುದಿಲ್ಲ, ಸಿಟ್ಟಿದ್ದರೂ ಸುಳ್ಳು ಹೇಳಬಾರದು. ಬಾಗಿಲಿಗೆ ಬಂದು ಕೇಳಿದವರಿಗೆ ಇಲ್ಲ ಎಂದವರಲ್ಲ ಅವರು. ಹೆಪ್ಪಿಗೆ ಮೊಸರು, ಒಗ್ಗರಣೆಗೆ ಕರಿಬೇವು, ಹಬ್ಬಕ್ಕೆ ಕೊಳದಪ್ಪಲೆ, ಯಾರು ಏನು ಕೇಳಿದರೂ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಕೊಡುತ್ತಿದ್ದರು. ಇಡೀ ಬೀದಿ ಅವರನ್ನು ಕೊಂಡಾಡುತ್ತಿತ್ತು.

ಆದರೆ ಅವರಿಗೆ ಒಂದು ಹಠವಿತ್ತು. ಆ ಮನೆಯನ್ನು ತೀರಿಹೋದ ಅವರ ಯಜಮಾನರು ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುವುದನ್ನು ನಿಂತು ನೋಡಿ ಕಟ್ಟಿಸಿದ್ದರು. ಆ ಗೋಡೆಗೆ ಯಾರೂ ತೂತು ಕೊರೆಯುವಂತಿರಲಿಲ್ಲ. ಮಲಗುವ ಕೋಣೆಯ ಬಾಗಿಲ ಹಿಂದೆ ಯಜಮಾನರೇ ತಮ್ಮ ಕೊಡೆಗೆಂದು ಹೊಡೆದ ಒಂದು ಮೊಳೆ ಇತ್ತು. ಮನೆಗೆಲ್ಲ ಅದೇ ಮೊಳೆ. ಕೊಡೆ, ಕ್ಯಾಲೆಂಡರ್, ಶ್ರೀಕಂಠನ ಊಟದ ಬ್ಯಾಗು, ಎಲ್ಲಕ್ಕೂ ಅದೇ. ಮತ್ತು ಆ ಮೊಳೆಗೆ ಜವಳಿ ಅಂಗಡಿಯ ಒಂದು ದೊಡ್ಡ ಚೀಲ. ಚೀಲದೊಳಗೆ ನಾವು.

ಆ ಚೀಲದ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಗೌರಾಂಬನವರು ಯಾವ ಹ್ಯಾಂಗರನ್ನೂ ಎಸೆಯುತ್ತಿರಲಿಲ್ಲ. ಡ್ರೈಕ್ಲೀನಿಂಗ್ ಅಂಗಡಿಯ ತಂತಿ ಹ್ಯಾಂಗರುಗಳು, ನೆಂಟರ ಮಗುವಿಗೆಂದು ಕೊಂಡ ಫ್ರಾಕಿನ ಜೊತೆ ಬಂದ ಚೋಟುದ್ದದ ಪ್ಲಾಸ್ಟಿಕ್ಕಿನವು, ಒಂದು ಕ್ಲಿಪ್ ಮುರಿದು ಒಂಟಿಕಿವಿಯಾದವು, ಎಲ್ಲ ಅದರೊಳಗೆ. "ಇರ್ಲಿ ಬಿಡು, ಯಾವುದಕ್ಕಾದ್ರೂ ಬರುತ್ತೆ" ಅನ್ನುತ್ತಿದ್ದರು. ಬಟ್ಟೆ ಹೊತ್ತಿರುವಷ್ಟು ಹೊತ್ತು ನಮಗೆ ಮರ್ಯಾದೆ. ಬಟ್ಟೆ ತೆಗೆದ ಕ್ಷಣ ಚೀಲಕ್ಕೆ. ಒಂದರ ಕೊಕ್ಕೆ ಇನ್ನೊಂದರ ಹೆಗಲಿಗೆ, ಅದರ ಕೊಕ್ಕೆ ಮತ್ತೊಂದರ ಕತ್ತಿಗೆ. ಒಂದನ್ನು ಎಳೆದರೆ ಗುಂಪೇ ಎದ್ದು ಬರುತ್ತದೆ. ಆಗ ಉದುರಿಸಿ, ಕೊಡವಿ, "ದರಿದ್ರದವು, ಯಾವಾಗ್ಲೂ ಸಿಕ್ಕಿಹಾಕ್ಕೊಂಡೇ ಇರ್ತವೆ" ಎಂದು ಬೈಗುಳ ಬೇರೆ. ನಾವೇನು ಆಸೆಪಟ್ಟು ಸಿಕ್ಕಿಹಾಕಿಕೊಳ್ಳುತ್ತೇವೆಯೇ? ತುಂಬಿದವರು ಯಾರು? ಆ ಮನೆಯಲ್ಲಿ ಸ್ಪೂನಿಗೆ ಸ್ಟ್ಯಾಂಡ್ ಇತ್ತು. ಹೊಸಿಲಾಚೆ ಬಿಡುವ ಚಪ್ಪಲಿಗೂ ಸ್ಟ್ಯಾಂಡ್ ಇತ್ತು. ದೇವರಿಗೆ ಉಡಿಸುವ ವಸ್ತ್ರದಿಂದ ಹಿಡಿದು ಮದುವೆ ಕೋಟಿನ ತನಕ ಹೆಗಲ ಮೇಲೆ ಹೊರುವ ನಮಗೆ ಮಾತ್ರ ಜಾಗವಿಲ್ಲ. ಇದ್ಯಾವ ನ್ಯಾಯ, ನೀವೇ ಹೇಳಿ.

ಇನ್ನು ಆ "ಯಾವುದಕ್ಕಾದ್ರೂ" ಅಂದರೆ ಯಾವುದಕ್ಕೆ, ಗೊತ್ತೇ? ಮಂಚದಡಿ ಉರುಳಿದ ಬಳೆ ಎಳೆಯಲು. ಸಜ್ಜೆಯ ಮೇಲಿನ ಜೇಡರ ಬಲೆ ತೆಗೆಯಲು. ಹಲ್ಲಿ ಓಡಿಸಲು. ಎಲ್ಲಕ್ಕಿಂತ ಹೆಚ್ಚಾಗಿ, ಬಚ್ಚಲುಮನೆಯ ನೀರು ಹೋಗುವ ತೂತು ಕಟ್ಟಿಕೊಂಡಾಗ ಕೂದಲು ಕೆದಕಿ ತೆಗೆಯಲು. ಅದಕ್ಕೆಂದೇ ಒಂದು ತಂತಿ ಹ್ಯಾಂಗರ್ ಗೊತ್ತಾಗಿತ್ತು. ಗೌರಾಂಬನವರು ಅದರ ಕೊಕ್ಕೆಯಿಂದ ಬಚ್ಚಲು ಕೆದಕಿ, ಆಮೇಲೆ ಸೋಪು ಹಾಕಿ ತಿಕ್ಕಿ ತೊಳೆದು, ಪುನಃ ಅದೇ ಚೀಲಕ್ಕೆ ಹಾಕುತ್ತಿದ್ದರು. ತೊಳೆದ ಮೇಲೆ ಎಲ್ಲವೂ ಶುದ್ಧ ಎಂಬುದು ಅವರ ಲೆಕ್ಕಾಚಾರ. ಪಾಪ, ಆ ತಂತಿಯ ಮೈಮೇಲಿನ ಬಿಳಿ ಬಣ್ಣ ಸುಲಿದು ತುಕ್ಕು ಹಿಡಿಯುತ್ತಿತ್ತು. ಅದು ಚೀಲದೊಳಗೆ ತಲೆತಗ್ಗಿಸಿಕೊಂಡು ಯಾರ ಜೊತೆಯೂ ಮಾತಾಡುತ್ತಿರಲಿಲ್ಲ.

ನನ್ನನ್ನು ಆ ಚೀಲದಿಂದ ಎತ್ತಿದವಳು ವಿನುತ. ಅವಳ ಕೈಗೆ ಸೀರೆಯ ನೆರಿಗೆ ಒಲಿದಿತ್ತು. ಮೊದಲು ಚಿಕ್ಕಮ್ಮನ ಮಗಳಿಗೆ ಆರತಕ್ಷತೆಯ ಸೀರೆ ಉಡಿಸಿಕೊಟ್ಟಳು. ಅದನ್ನು ನೋಡಿದವರು ಕೇಳಿದರು, ಅವರನ್ನು ನೋಡಿದವರೂ ಕೇಳಿದರು. ಮದುಮಗಳ ಸೀರೆಯನ್ನು ಮುಂಚೆಯೇ ಮನೆಗೆ ತರಿಸಿಕೊಂಡು, ಸೆರಗಿನ ಮಡಿಕೆ, ಸೊಂಟದ ನೆರಿಗೆ ಎಲ್ಲ ಒಂದೇ ಅಳತೆಗೆ ಕೂರಿಸಿ, ಕ್ಲಿಪ್ ಹಾಕಿ, ತೆಳು ಬಟ್ಟೆ ಹಾಸಿ ಇಸ್ತ್ರಿ ಮಾಡಿ, ನನ್ನ ಹೆಗಲಿಗೆ ಹಾಕುತ್ತಿದ್ದಳು. ಮೇಲೆ ಹಳೇ ಪಂಚೆ ಹೊದಿಸಿ ಕಿಟಕಿಯ ಸರಳಿಗೆ ತೂಗುಬಿಡುತ್ತಿದ್ದಳು. ಒಂದು ಹಗಲು ರಾತ್ರಿ ಹಾಗೆ ತೂಗಿದರೆ ನೆರಿಗೆ ಕೂತು, ಮುಹೂರ್ತದ ದಿನ ಉಡಿಸುವುದು ಚಿಟಿಕೆ ಹೊಡೆದಷ್ಟು ಸುಲಭ. ದೊಡ್ಡ ಜರಿಯಂಚಿನ ಭಾರಕ್ಕೆ ಬಗ್ಗದ ಹ್ಯಾಂಗರ್ ಆ ಮನೆಯಲ್ಲಿ ನಾನೊಂದೇ. ನನ್ನ ಹೆಗಲನ್ನು ಪ್ರತಿ ಸಲ ತನ್ನ ಸೆರಗಿನಿಂದ ಒರೆಸಿಯೇ ಸೀರೆ ಹಾಕುತ್ತಿದ್ದಳು. ಹಾಗೆ ಒರೆಸಿದವರು ಅವಳಿಗಿಂತ ಮುಂಚೆ ಮೆಹಬೂಬ್ ಸಾಬರೊಬ್ಬರೇ.

ಆ ಕೆಲಸ ಅವಳಿಗೆ ಏನಾಗಿತ್ತು ಎಂಬುದನ್ನು ನಾನು ಕಿಟಕಿಯಲ್ಲಿ ತೂಗುತ್ತಲೇ ನೋಡಿದ್ದೇನೆ. ಮದುವೆಯಾಗಿ ಬಂದ ಮೇಲೆ ಆ ಬೀದಿಯಲ್ಲಿ ಅವಳು ಶ್ರೀಕಂಠನ ಹೆಂಡತಿ, ಗೌರಾಂಬನವರ ಸೊಸೆ, ಅಷ್ಟೆ. ಈ ಕೆಲಸ ಶುರುವಾದ ಮೇಲೆ ಗೇಟಿನ ಹತ್ತಿರ ಯಾರೋ ನಿಂತು, "ವಿನುತ ಅವರ ಮನೆ ಇದೇನಾ?" ಎಂದು ಕೇಳಿದರು. ಅವಳು ಒಳಗಿದ್ದವಳು ಕೈಯಲ್ಲಿದ್ದ ಕ್ಲಿಪ್ಪುಗಳನ್ನು ಹಾಗೇ ಹಿಡಿದುಕೊಂಡು ಓಡಿದಳು. ಆ ದಿನವೆಲ್ಲ ಹಾಡು ಗುನುಗುತ್ತಲೇ ಇದ್ದಳು.

ಗೌರಾಂಬನವರಿಗೆ ಅದು ಅಷ್ಟಾಗಿ ಹಿಡಿಸಲಿಲ್ಲ. "ಕಂಡೋರ ಸೀರೆ ನಮ್ಮನೆ ಕಿಟಕೀಲಿ ನೇತಾಡ್ತಿದ್ರೆ ನೋಡ್ದೋರು ಲಾಂಡ್ರಿ ಅಂದ್ಕೋತಾರೆ" ಎನ್ನುತ್ತಿದ್ದರು. ವಿನುತ ಒಂದು ದಿನ ಧೈರ್ಯ ಮಾಡಿ ಕೇಳಿದಳು.

"ಅತ್ತೆ, ಈ ಗೋಡೆಯಿಂದ ಆ ಗೋಡೆಗೆ ಒಂದು ಕಂಬಿ ಹಾಕಿಸಿಕೊಳ್ಳಲಾ? ಸೀರೆಗಳು ಒಂದು ಕಡೆ ಇರುತ್ತೆ, ಖಾಲಿ ಹ್ಯಾಂಗರ್‌ಗಳೆಲ್ಲ ಸಾಲಾಗಿ ಇನ್ನೊಂದು ಕಡೆ ಇರುತ್ತೆ. ಆ ಚೀಲದ ಕಾಟನೇ ಬೇಡ."

"ಅವರು ಕಟ್ಟಿಸಿದ ಗೋಡೆಗೆ ತೂತು ಹಾಕಿಸ್ತೀಯಾ? ಹ್ಯಾಂಗರ್ ಇಡೋಕೆ? ಚೆನ್ನಾಗಿದೆ ಕಣಮ್ಮ!"

ಮಾತು ಅಲ್ಲಿಗೇ ನಿಂತಿತು. ಶ್ರೀಕಂಠ ಪೇಪರಿನಿಂದ ತಲೆ ಎತ್ತಲಿಲ್ಲ.

ವೈಶಾಖ ಬಂತು, ಮದುವೆಗಳ ಸುಗ್ಗಿ. ಹಿಂದಿನ ಬೀದಿಯ ಶಶಿಕಲಾ ತನ್ನ ಮಗಳು ಸಿಂಚನಳ ಧಾರೆ ಸೀರೆ ತಂದುಕೊಟ್ಟಳು. ಕೆನೆಬಣ್ಣದ ಒಡಲು, ಕುಂಕುಮದ ಬಣ್ಣದ ಅಂಚು. ಕೆನೆಬಣ್ಣದ ರೇಷ್ಮೆ ಎಂದರೆ ಬೆವರಿನ ಹನಿ ಬಿದ್ದರೂ ಹೇಳಿಬಿಡುತ್ತದೆ. ವಿನುತ ಉಸಿರು ಬಿಗಿಹಿಡಿದು ನೆರಿಗೆ ಕೂರಿಸಿದಳು. ನನ್ನನ್ನು ಎರಡು ಸಲ ಒರೆಸಿದಳು. ಸೀರೆ ಹಾಕಿ, ಪಂಚೆ ಹೊದಿಸಿ, ಕಿಟಕಿಗೆ ತೂಗುಬಿಟ್ಟು, ಇನ್ನೊಬ್ಬ ಮದುಮಗಳಿಗೆ ಆರತಕ್ಷತೆಯ ಸೀರೆ ಉಡಿಸಲು ಛತ್ರಕ್ಕೆ ಹೋದಳು. ಅಷ್ಟು ಚೆಂದದ ಭಾರವನ್ನು ನಾನು ಹಿಂದೆ ಹೊತ್ತಿರಲಿಲ್ಲ.

ಆಗ ಬಂದಳು ಪಕ್ಕದ ಮನೆಯ ಪ್ರಮೀಳ.

"ಗೌರಮ್ಮನೋರೇ, ಒಂದು ಗಟ್ಟಿ ಹ್ಯಾಂಗರ್ ಇದ್ರೆ ಕೊಡಿ. ನಂಜನಗೂಡಲ್ಲಿ ನಮ್ಮವರ ಅಕ್ಕನ ಮಗಳ ರಿಸೆಪ್ಷನ್ನು. ಕೋಟನ್ನ ಕಾರಲ್ಲಿ ನೇತುಹಾಕ್ಕೊಂಡು ಹೋಗೋಣ ಅಂದ್ರೆ ನಮ್ಮನೆ ಪ್ಲಾಸ್ಟಿಕ್ ಹ್ಯಾಂಗರು ಲಟಕ್ಕಂತ ಮುರೀತು."

ಗೌರಾಂಬನವರು ಬಾಗಿಲ ಹಿಂದಿನ ಚೀಲಕ್ಕೆ ಕೈ ಹಾಕಿ ಎಳೆದರು. ಗುಂಪು ಗುಂಪಾಗಿ ಎದ್ದು ಬಂದವು, ಎಲ್ಲ ತಂತಿ, ಎಲ್ಲ ವಕ್ರ. ಅದರಲ್ಲಿ ಬಚ್ಚಲಿನ ತಂತಿಯೂ ಇತ್ತು. ಅಂದು ಬೆಳಿಗ್ಗೆಯೇ ಕೆದಕಿ ತೊಳೆದದ್ದು, ಮೈ ಇನ್ನೂ ಒದ್ದೆ. ಬಾಗಿಲಲ್ಲಿ ಪ್ರಮೀಳ ಕಾಯುತ್ತಿದ್ದಾಳೆ, ಬೀದಿಯಲ್ಲಿ ಕಾರು ಹಾರ್ನ್ ಹೊಡೆಯುತ್ತಿದೆ. ಗೌರಾಂಬನವರ ಕಣ್ಣು ಕಿಟಕಿಯ ಕಡೆ ತಿರುಗಿತು. ನನ್ನ ಮೇಲೆ ನಿಂತಿತು.

ಬೇಡ ತಾಯಿ, ಬೇಡ ಎಂದು ನಾನು ಬಡಿದುಕೊಂಡೆ. ಯಾರಿಗೆ ಕೇಳಿಸಬೇಕು? ನನಗಿರುವುದು ಬಾಯಲ್ಲ, ಕೊಕ್ಕೆ.

ಅವರು ಪಂಚೆ ಸರಿಸಿದರು. ಧಾರೆ ಸೀರೆಯನ್ನು ನನ್ನ ಹೆಗಲಿನಿಂದ ಮೆಲ್ಲಗೆ, ನೆರಿಗೆ ಕೆಡದ ಹಾಗೆ ಎತ್ತಿ, ಕೈಗೆ ಸಿಕ್ಕಿದ ತಂತಿಗೆ ಹಾಕಿದರು. ಸಿಕ್ಕಿದ್ದು ಯಾವ ತಂತಿ ಎಂದು ಬೇರೆ ಹೇಳಬೇಕೇ? ಮತ್ತೆ ಪಂಚೆ ಹೊದಿಸಿದರು.

"ಅಯ್ಯೋ, ಸೀರೆ ಹಾಕಿತ್ತಲ್ಲ, ತೆಗೆದುಬಿಟ್ರಾ?" ಎಂದಳು ಪ್ರಮೀಳ.

"ಅದಕ್ಕೇನೀಗ? ಹ್ಯಾಂಗರ್ ಯಾವುದಾದ್ರೇನು? ತಗೊಂಡು ಹೋಗಮ್ಮ, ಹೊತ್ತಾಗುತ್ತೆ."

ಹ್ಯಾಂಗರ್ ಯಾವುದಾದರೇನು! ಈ ಮಾತು ನನ್ನ ಮರದ ನಾರಿನಲ್ಲಿ ಇಂದಿಗೂ ಉರಿಯುತ್ತಿದೆ.

ನಂಜನಗೂಡಿಗೆ ಹೋದೆ. ಪ್ರಮೀಳನ ಗಂಡ ಉಮಾಪತಿಯ ಕೋಟು ಹೊತ್ತುಕೊಂಡು ಕಾರಿನ ಕಿಟಕಿಯಲ್ಲಿ ಓಲಾಡಿದೆ. ಮಾರನೆಯ ದಿನ ಸಂಜೆ ವಾಪಸು ಬಂದಾಗ ಅವರು ನನ್ನನ್ನು ತಮ್ಮ ಮನೆಯ ಜಗಲಿಯ ಗ್ರಿಲ್ಲಿಗೆ ಸಿಕ್ಕಿಸಿದರು. ಅಲ್ಲಿಂದ ಗೌರಾಂಬನವರ ಗೇಟು ಚೆನ್ನಾಗಿ ಕಾಣುತ್ತದೆ. ಗೇಟಿನ ಬಳಿ ಶಶಿಕಲಾ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

"ಬೆಳಗಾದ್ರೆ ಮುಹೂರ್ತ ಕಣ್ರೀ! ಧಾರೆ ಸೀರೆ ಮೇಲೆ ಇಂಥ ಕಲೆ! ಅಡ್ಡಕ್ಕೆ ಗೆರೆ ಎಳೆದಂಗಿದೆ. ನಿಮ್ಮನ್ನ ನಂಬಿ ತಂದುಕೊಟ್ಟೆನಲ್ಲ, ನನಗೆ ಬುದ್ಧಿ ಇಲ್ಲ."

ವಿನುತಳ ಮುಖ ಬಿಳಿಚಿಕೊಂಡಿತ್ತು. "ನಾನು ಮರದ ಹ್ಯಾಂಗರಿಗೇ ಹಾಕಿದ್ದೆ ಅಂತ... ನನಗೇ ಗೊತ್ತಾಗ್ತಿಲ್ಲ ಆಂಟಿ. ಗಡಿಬಿಡೀಲಿ ನಾನೇ ತಂತೀದಕ್ಕೆ ಹಾಕಿಬಿಟ್ಟೆನೇನೋ."

ಗೌರಾಂಬನವರು ಬಾಗಿಲಲ್ಲೇ ಇದ್ದರು. ನಾನು ಅವರ ಬಾಯನ್ನೇ ನೋಡಿದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಗೇಟಿಗೆ ಬಂದು ನಿಂತಿದ್ದರು. ಗೌರಾಂಬನವರ ತುಟಿ ಅಲ್ಲಾಡಿತು.

"ಒಳಗೆ ಬಾ ವಿನುತ. ಬೀದೀಲಿ ನಿಂತು ಮಾತು ಬೇಡ."

ಅಷ್ಟೆ. ಅಷ್ಟೇ ಹೇಳಿದ್ದು. ಕಳ್ಳನನ್ನು ಕಣ್ಣಾರೆ ಕಂಡ ಸಾಕ್ಷಿ ಆಚೆ ಮನೆಯ ಗ್ರಿಲ್ಲಿನಲ್ಲಿ ತೂಗುತ್ತಿದೆ, ಮಾತು ಬಾರದು. ಮಾತು ಬರುವವರು ಬಾಗಿಲು ಹಾಕಿಕೊಂಡರು. ಸಿಂಚನ ಬೇರೆ ಸೀರೆ ಉಟ್ಟು ಧಾರೆಗೆ ನಿಂತಳಂತೆ.

ಆಮೇಲೆ ಪ್ರಮೀಳನ ಮನೆಯಲ್ಲಿ ನನಗೆ ಬಂದ ಗತಿ ಕೇಳಿ. ಒಂದು ರಿಸೆಪ್ಷನ್ನಿಗೆಂದು ಹೋದ ನಾನು ಅಲ್ಲೇ ಉಳಿದೆ. ಪಾತ್ರೆಯಾಗಿದ್ದರೆ ಹೀಗಾಗುತ್ತಿತ್ತೇ? ಪಾತ್ರೆಯ ಮೇಲೆ ಹೆಸರು ಕೆತ್ತಿಸಿರುತ್ತಾರೆ. ಮಾರನೆಯ ದಿನವೇ "ನಮ್ಮ ದಬರಿ ಕೊಟ್ಟಿಲ್ಲ" ಎಂದು ಹೇಳಿಕಳಿಸುತ್ತಾರೆ. ಹಿಂದಿರುಗಿಸುವಾಗ ಖಾಲಿ ಕೊಡಬಾರದೆಂದು ಒಂದು ಹಿಡಿ ಸಕ್ಕರೆಯನ್ನೋ, ನಾಲ್ಕು ಬಾಳೆಹಣ್ಣನ್ನೋ ಇಟ್ಟು ಕೊಡುತ್ತಾರೆ. ಹ್ಯಾಂಗರನ್ನು ಕೊಟ್ಟವರು ಕೇಳುವುದಿಲ್ಲ, ತಂದವರು ನೆನೆಯುವುದಿಲ್ಲ. ಉಮಾಪತಿ ನನ್ನನ್ನು ಬಚ್ಚಲುಮನೆಯ ಕಿಟಕಿಗೆ ಸಿಕ್ಕಿಸಿ ಒದ್ದೆ ಟವೆಲು ಹಾಕಿದ. ದಿನಾ ಒದ್ದೆ. ಮೆಹಬೂಬ್ ಸಾಬರು ತಾಳೆಗರಿಯಿಂದ ತಂದ ಹೊಳಪು ಮಸುಕಾಯಿತು, ಕೆಂಪು ಅಲ್ಲಲ್ಲಿ ಸಿಪ್ಪೆಯೆದ್ದಿತು, ಹಳದಿ ಪಟ್ಟಿ ಒಂದು ಕಡೆ ಅಳಿಸಿಯೇ ಹೋಯಿತು.

ಆ ಕಿಟಕಿಗೂ ಗೌರಾಂಬನವರ ಬಟ್ಟೆ ಒಗೆಯುವ ಕಲ್ಲಿಗೂ ನಡುವೆ ಒಂದು ಮೋಟು ಗೋಡೆ ಮಾತ್ರ. ಅತ್ತೆ ಸೊಸೆಯ ಮಾತು ನನಗೆ ಕೇಳುತ್ತಿತ್ತು.

"ಅತ್ತೆ, ಇಸ್ತ್ರಿಪೆಟ್ಟಿಗೆ, ಕ್ಲಿಪ್ಪು ಎಲ್ಲ ಅಟ್ಟಕ್ಕೆ ಹಾಕಿದೀನಿ. ಇನ್ನು ಯಾರಾದ್ರೂ ಕೇಳ್ಕೊಂಡು ಬಂದ್ರೆ ಇಲ್ಲ ಅಂದ್ಬಿಡಿ."

ಒಗೆಯುವ ಸದ್ದು ಜೋರಾಯಿತು. ಬಟ್ಟೆಯನ್ನು ಕಲ್ಲಿಗೆ ಬಡಿಯುವುದೇ ಬಡಿಯುವುದು. ಸ್ವಲ್ಪ ಹೊತ್ತಾದ ಮೇಲೆ ಗೌರಾಂಬನವರ ದನಿ.

"ಒಂದ್ಸಲ ಆಯ್ತು ಅಂತ ಯಾಕೆ ಬಿಡ್ತೀಯ?"

"ಯಾವ ಹ್ಯಾಂಗರಿಗೆ ಹಾಕಿದೆ, ಆ ಮರದ್ದನ್ನ ಎಲ್ಲಿಟ್ಟೆ ಅನ್ನೋದೇ ನೆನಪಿಲ್ಲದ ಮೇಲೆ ಇನ್ನೊಬ್ಬರ ಸೀರೆ ಹೇಗೆ ಮುಟ್ಟಲಿ ಅತ್ತೆ?"

ಮತ್ತೆ ಬಡಿಯುವ ಸದ್ದು. ಬೀದಿಯಲ್ಲಿ ಮಾತು ಬೆಳೆಯುತ್ತಾ ಹೋಗಿ ತುಕ್ಕಿನ ಕಲೆ ಇಸ್ತ್ರಿ ಸುಟ್ಟ ಕಲೆಯಾಯಿತು. ಪ್ರಮೀಳ ಕೂಡ ಅದನ್ನೇ ನಂಬಿದಳು. "ಪಾಪ, ಒಳ್ಳೆ ಹುಡುಗಿ. ಕೆಲಸದಲ್ಲಿ ಎಚ್ಚರ ಇಲ್ಲ ಅಷ್ಟೆ" ಎಂದು ಗಂಡನಿಗೆ ಹೇಳಿದಳು. ಹೇಳುತ್ತಾ ನನ್ನ ಮೇಲಿಂದಲೇ ಟವೆಲು ಎಳೆದುಕೊಂಡಳು! ನನ್ನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ? ನಾನು ಕೊಕ್ಕೆ ಜಾರಿಸಿ ಅವಳ ಕಾಲ ಮೇಲೆ ಬಿದ್ದೆ. ಅವಳು "ಹಾಳಾದ್ದು" ಎಂದು ಎತ್ತಿ ಮತ್ತೆ ಅಲ್ಲೇ ಸಿಕ್ಕಿಸಿದಳು.

ಮಳೆಗಾಲ ಹೋಯಿತು, ದಸರಾ ಹೋಯಿತು, ದೀಪಾವಳಿ ಹೋಯಿತು. ಅವರೆಕಾಯಿ ಕಾಲ ಬಂತು. ಪ್ರಮೀಳ ಉಮಾಪತಿ ವಿಜಯನಗರದಲ್ಲಿ ಸ್ವಂತ ಮನೆ ಕಟ್ಟಿಸಿದ್ದರು, ಸಂಕ್ರಾಂತಿ ಕಳೆದು ಗೃಹಪ್ರವೇಶ. ಹೊಸ ಮನೆಗೆ ಹೋಗುವಾಗ ಬೇರೆಯವರ ವಸ್ತು ತಮ್ಮ ಬಳಿ ಉಳಿಯಬಾರದೆಂದು ಪ್ರಮೀಳ ಮನೆಯೆಲ್ಲ ಜಾಲಾಡಿದಳು. ಗೌರಾಂಬನವರ ಜರಡಿ ಸಿಕ್ಕಿತು, ಒಂದು ಸ್ಟೀಲ್ ಡಬ್ಬಿ ಸಿಕ್ಕಿತು. ಬಚ್ಚಲುಮನೆಯಲ್ಲಿ ನಾನು ಸಿಕ್ಕಿದೆ. ಜರಡಿಯಲ್ಲಿ ಅಕ್ಕಿ, ಡಬ್ಬಿಯಲ್ಲಿ ಸಕ್ಕರೆ ಹಾಕಿದಳು. ನನ್ನನ್ನು ತಿರುಗಿಸಿ ತಿರುಗಿಸಿ ನೋಡಿದಳು. ನನ್ನಲ್ಲಿ ಏನು ತುಂಬುವುದು? ಕೊನೆಗೆ ಒಂದು ಹೊಸ ರವಿಕೆ ಬಟ್ಟೆ ತಂದು ನನ್ನ ಹೆಗಲಿಗೆ ಮಡಿಸಿ ಹಾಕಿದಳು. ಅವಳ ಮೇಲೆ ನನಗಿದ್ದ ಸಿಟ್ಟಿನಲ್ಲಿ ಅರ್ಧ ಅಲ್ಲೇ ಇಳಿಯಿತು.

ಗೌರಾಂಬನವರು ನಡುಮನೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಬಾಗಿಲು ತೆಗೆದವಳು ವಿನುತ. ಸೊರಗಿದ್ದಳು.

"ತಗೋ ವಿನುತ, ನಿಮ್ಮನೆ ಸಾಮಾನು. ಈ ಹ್ಯಾಂಗರ್ ಕೊಡೋದು ಮರ್ತೇಹೋಗಿತ್ತು ಕಣೆ, ಬೇಜಾರು ಮಾಡ್ಕೋಬೇಡ. ನಿಮ್ಮತ್ತೆದು ಎಂಥ ಮನಸ್ಸು ಅಂತೀಯ! ನಾನು ಕೇಳಿದ ತಕ್ಷಣ, ಹಾಕಿದ್ದ ಕೆನೆಬಣ್ಣದ ಸೀರೆನೇ ತೆಗೆದು ತಂತೀದಕ್ಕೆ ಹಾಕಿ, ಇದನ್ನ ನಂಗೆ ಕೊಟ್ರು. ಯಾರು ಕೊಡ್ತಾರೆ ಹಾಗೆ?"

ಅವರೆಕಾಳು ಹಿತುಕುವ ಕೈ ನಿಂತಿತು.

ಪ್ರಮೀಳನಿಗೆ ಏನೂ ತಿಳಿಯಲಿಲ್ಲ. ಕುಂಕುಮ ಇಟ್ಟುಕೊಂಡು, ಗೃಹಪ್ರವೇಶಕ್ಕೆ ಕರೆದು ಹೊರಟುಹೋದಳು. ವಿನುತ ನನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ಅವಳ ಬೆರಳು ನನ್ನ ಸಿಪ್ಪೆಯೆದ್ದ ಹೆಗಲ ಮೇಲೆ ಓಡಾಡಿತು.

"ಯಾವ ತಂತಿ ಅತ್ತೆ?"

"ಅದೇ."

"ಬಚ್ಚಲು ಕೆದಕಿದ್ದಾ?"

"ತೊಳೆದಿದ್ದೆ ಕಣೆ," ಎಂದರು ಗೌರಾಂಬನವರು.

ತೊಳೆದಿದ್ದರಂತೆ! ನನಗೆ ಮೈಯೆಲ್ಲ ಹತ್ತಿಕೊಂಡು ಉರಿಯಿತು. ವಿನುತ ಕಿರುಚಾಡುತ್ತಾಳೆ, ನನ್ನನ್ನು ಎತ್ತಿ ನೆಲಕ್ಕೆ ಕುಕ್ಕುತ್ತಾಳೆ ಎಂದುಕೊಂಡೆ. ಕುಕ್ಕಿದ್ದರೂ ಸಹಿಸುತ್ತಿದ್ದೆ. ಅವಳು ಅಲ್ಲೇ ನೆಲದ ಮೇಲೆ, ಅವರೆಯ ಸಿಪ್ಪೆಗಳ ಪಕ್ಕ ಕೂತಳು.

"ನಿಮಗೆ ಗೊತ್ತಿತ್ತು."

"ಶಶಿಕಲಾ ಕಲೆ ತೋರಿಸಿದಾಗಲೇ ಗೊತ್ತಾಯ್ತು. ಅಷ್ಟು ಜನರ ಮುಂದೆ ಹೇಗೆ ಹೇಳೋದು ಅನ್ನಿಸ್ತು. ಆಮೇಲೆ ಹೇಳೋಣ ಅಂದ್ಕೊಂಡೆ. ದಿನ ಹೋದಂಗೆಲ್ಲ ಬಾಯೇ ಬರಲಿಲ್ಲ."

"ನಾನು ನನ್ನ ಕೈನೇ ನಂಬೋದು ಬಿಟ್ಟೆ ಅತ್ತೆ," ಎಂದಳು ವಿನುತ. "ಹಾಲು ಕಾಯಿಸಿ ಸ್ಟವ್ ಆಫ್ ಮಾಡಿದ್ನಾ ಅಂತ ಮತ್ತೆ ಮತ್ತೆ ಹೋಗಿ ನೋಡ್ತೀನಿ. ಬೀಗ ಹಾಕಿ ಎಳೆದು ಎಳೆದು ನೋಡ್ತೀನಿ. ನೀವು ದಿನಾ ನೋಡ್ತಿದ್ರಿ."

ವಿನುತ ನನ್ನನ್ನು ಕುರ್ಚಿಯ ಬೆನ್ನಿಗೆ ತಗುಲಿಸಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ದಿನ ಹಿತುಕಿದ ಬೇಳೆ ಸಾರು ಮಾಡಿದ್ದೇನೋ ಮಾಡಿದರು, ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಸಂಜೆ ಶ್ರೀಕಂಠ ಬಂದು, ಏನಾಯಿತು ಎಂದು ಇಬ್ಬರನ್ನೂ ಕೇಳಿ ಟಿವಿ ಹಾಕಿಕೊಂಡ.

ಸಂಕ್ರಾಂತಿಯ ಸಂಜೆ ಗೌರಾಂಬನವರು ರೇಷ್ಮೆ ಸೀರೆ ಉಟ್ಟು, ಎಳ್ಳು ಬೆಲ್ಲದ ತಟ್ಟೆ ಜೋಡಿಸಿಕೊಂಡರು. ಆಮೇಲೆ ನನ್ನನ್ನೂ ಎತ್ತಿ ಬ್ಯಾಗಿಗೆ ಹಾಕಿಕೊಂಡರು. ಎಳ್ಳು ಬೀರಲು ಹ್ಯಾಂಗರ್ ಯಾಕೆ? ಇನ್ನು ಇದೊಂದು ಬಾಕಿ ಇತ್ತೇನೋ ಎಂದು ನಾನು ಒಳಗೇ ಕುದಿಯುತ್ತಾ ಹೋದೆ. ವಿನುತ ಜೊತೆಗೆ ಬರಲಿಲ್ಲ. ಅತ್ತೆಯ ಜೊತೆ ಅವಳು ಮಾತೇ ಆಡುತ್ತಿರಲಿಲ್ಲ.

ಶಶಿಕಲಾ ಮನೆಯ ನಡುಮನೆ ತುಂಬ ಹೆಂಗಸರು. ಮಗಳು ಸಿಂಚನ ಹಬ್ಬಕ್ಕೆ ತವರಿಗೆ ಬಂದಿದ್ದಳು, ಬಸುರಿ. ಗೌರಾಂಬನವರು ತಟ್ಟೆ ಕೆಳಗಿಟ್ಟು, ಬ್ಯಾಗಿನಿಂದ ನನ್ನನ್ನು ತೆಗೆದು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದರು.

"ಶಶಿಕಲಾ, ನಿನ್ನ ಮಗಳ ಧಾರೆ ಸೀರೆನ ನನ್ನ ಸೊಸೆ ಇದಕ್ಕೆ ಹಾಕಿದ್ಲು. ನಾನು ಅದನ್ನ ತೆಗೆದು, ಬಚ್ಚಲು ಕೆದಕಿದ ತಂತಿಗೆ ಹಾಕಿದೆ. ಕಲೆ ಆಗಿದ್ದು ನನ್ನಿಂದ. ಅವಳದೇನೂ ತಪ್ಪಿಲ್ಲ. ನೀವೆಲ್ಲ ಅವತ್ತು ನಮ್ಮ ಗೇಟಲ್ಲಿದ್ರಿ, ಅದಕ್ಕೇ ನಿಮ್ಮೆಲ್ಲರ ಮುಂದೆ ಹೇಳ್ತಿದೀನಿ."

"ಬಚ್ಚಲು ಕೆದಕಿದ್ದಾ? ರಾಮ ರಾಮ!" ಎಂದಳು ಶಶಿಕಲಾ. "ಈಗ ಹೇಳ್ತೀರಲ್ಲ ಗೌರಮ್ಮನೋರೇ! ಇಷ್ಟು ತಿಂಗಳು ಆ ಹುಡುಗೀನ ಬಾಯಿಗೆ ಬಂದಂಗೆ ಅಂದ್ಕೊಂಡು ತಿರುಗಿದೆನಲ್ಲ, ಆ ಪಾಪ ಯಾರ ತಲೆಗೆ?"

"ನನ್ನ ತಲೆಗೇ ಇರ್ಲಿ," ಎಂದರು ಗೌರಾಂಬನವರು. ಎಳ್ಳು ಬೀರಿ, ತಟ್ಟೆ ಎತ್ತಿಕೊಂಡು, ನನ್ನನ್ನು ಬ್ಯಾಗಿಗೂ ಹಾಕದೆ ಕೈಯಲ್ಲೇ ಹಿಡಿದು ಬೀದಿಯುದ್ದಕ್ಕೂ ನಡೆದು ಬಂದರು. ನೋಡುವವರು ನೋಡಲಿ ಎಂಬ ಹಾಗೆ.

ಅವರಿಗಿಂತ ಮುಂಚೆ ಸುದ್ದಿ ಮನೆ ಸೇರಿತ್ತು. ವಿನುತ ಗೇಟಿನಲ್ಲಿ ನಿಂತಿದ್ದಳು. ಅತ್ತೆಯ ಕೈಯಿಂದ ನನ್ನನ್ನು ತೆಗೆದುಕೊಂಡಳು, ತಟ್ಟೆಯನ್ನೂ ತೆಗೆದುಕೊಂಡಳು. ಕ್ಷಮೆ ಗಿಮೆ ಎಂದು ಯಾರೂ ಆಡಲಿಲ್ಲ. "ಚಪ್ಪಲಿ ಇಲ್ಲದೆ ಹೋಗಿದ್ರಾ?" ಎಂದಷ್ಟೇ ಕೇಳಿದಳು.

ಹಬ್ಬ ಕಳೆದ ಮೇಲೆ ಸಿಂಚನ ತಾನೇ ಬಂದಳು, ಅದೇ ಧಾರೆ ಸೀರೆ ಹಿಡಿದುಕೊಂಡು. "ಅಕ್ಕ, ಸೀಮಂತಕ್ಕೆ ಇದನ್ನೇ ಉಡಬೇಕು ಅಂತ ನನಗಾಸೆ. ಈ ಕಲೆ ಕಾಣದ ಹಾಗೆ ನೆರಿಗೆ ಹಿಡಿಯೋಕಾಗುತ್ತಾ?" ವಿನುತ ಸೀರೆ ಬಿಚ್ಚಿ ಕಲೆಯ ಗೆರೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅಟ್ಟದ ಏಣಿ ಹತ್ತಿದಳು.

ಗೌರಾಂಬನವರು ಬಡಗಿಗೆ ಹೇಳಿಕಳಿಸಿದರು. ಕಂಬಿ ಹಾಕಿಸಿದ್ದು ಅವರ ಕೋಣೆಯಲ್ಲೇ, ಯಜಮಾನರ ಫೋಟೋ ಒರಗಿಸಿಟ್ಟ ಗೋಡೆಗೆ. ಡ್ರಿಲ್ಲು ಗೋಡೆಗೆ ತಾಗಿದಾಗ ಅವರು ಫೋಟೋದ ಕಡೆ ತಿರುಗಿ, "ಸ್ವಲ್ಪ ಸಹಿಸ್ಕೊಳ್ಳಿ" ಎಂದು ಕಣ್ಣು ಮುಚ್ಚಿಕೊಂಡರು. ಆ ಜವಳಿ ಅಂಗಡಿಯ ಚೀಲವನ್ನು ನೆಲಕ್ಕೆ ಸುರಿದು, ಒಂದೊಂದೇ ಕೊಕ್ಕೆ ಬಿಡಿಸಿದರು. ವಕ್ರವಾದವು, ತುಕ್ಕು ಹಿಡಿದವು ಗುಜರಿಗೆ ಹೋದವು. ಬಚ್ಚಲಿನ ತಂತಿಯೂ ಹೋಯಿತು. ಅದಕ್ಕಾಗಿ ನನಗೆ ಇಂದಿಗೂ ಸಂಕಟವಿದೆ. ಅದು ಹುಟ್ಟಿದ್ದು ಬಚ್ಚಲು ಕೆದಕಲಿಕ್ಕಲ್ಲ, ನನ್ನ ಹಾಗೆಯೇ ಬಟ್ಟೆ ಹೊರಲಿಕ್ಕೆ. ಅದನ್ನು ಕೆಡಿಸಿದವರೇ ಅದನ್ನು ಎಸೆದರು. ಅದರ ಪರವಾಗಿ ಎಳ್ಳು ಬೀರಿ ತಪ್ಪೊಪ್ಪಿಕೊಂಡವರು ಯಾರೂ ಇಲ್ಲ.

ಉಳಿದ ನಾವು ಕಂಬಿಗೆ ಬಂದೆವು. ಎಡಗಡೆ ಸೀರೆ ಹೊತ್ತವು, ಬಲಗಡೆ ಖಾಲಿಯವು. ಎಲ್ಲರ ಕೊಕ್ಕೆಯೂ ಒಂದೇ ಕಡೆ ಮುಖ. ಒಂದನ್ನು ತೆಗೆದರೆ ಒಂದೇ ಬರುತ್ತದೆ. ಇಷ್ಟೇ ಅಲ್ಲವೇ ನಾವು ಕೇಳಿದ್ದು? ಇಷ್ಟಕ್ಕೆ ಒಂದು ಹುಡುಗಿ ಅಷ್ಟು ಕಣ್ಣೀರು ಹಾಕಬೇಕಾಯಿತೇ?

ಈಗ ನನಗೆ ವಯಸ್ಸಾಗಿದೆ. ಬಚ್ಚಲಿನ ಒದ್ದೆ ತಿಂದ ಹೆಗಲು ಒಂದು ಕಡೆ ಬಿರುಕು ಬಿಟ್ಟಿದೆ. ಭಾರದ ಸೀರೆ ಹೊರಲು ಹೊಸ ಮರದ ಹ್ಯಾಂಗರುಗಳು ಬಂದಿವೆ. ನಾನು ಕಂಬಿಯ ಬಲತುದಿಯಲ್ಲಿ, ಬಹುಪಾಲು ಖಾಲಿಯಾಗಿ ತೂಗುತ್ತೇನೆ. ವಿನುತ ಆಗಾಗ ಬಂದು ನನ್ನ ಹೆಗಲು ಒರೆಸುತ್ತಾಳೆ.

ಮೊನ್ನೆ ಪ್ರಮೀಳ ಖಾಲಿ ಮಾಡಿದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಹೆಂಗಸು ಬಾಗಿಲಿಗೆ ಬಂದಳು.

"ಅಮ್ಮ, ಒಂದು ಹ್ಯಾಂಗರ್ ಇದ್ರೆ ಕೊಡ್ತೀರಾ? ಇವತ್ತೊಂದಿನಕ್ಕೆ."

ಗೌರಾಂಬನವರು ಹೂ ಕಟ್ಟುತ್ತಿದ್ದರು. ಬಾಗಿಲಿಗೆ ಬಂದವರಿಗೆ ಇಲ್ಲ ಎನ್ನದ ಬಾಯಿ. ನನ್ನ ಬಿರುಕು ಕಟಕಟ ಎಂದಿತು. ಆ ಹೆಂಗಸು ಕೋಣೆಯೊಳಗೆ ಕಣ್ಣು ಹಾಯಿಸಿ, ಕಂಬಿಯ ತುದಿಯಲ್ಲಿದ್ದ ನನ್ನನ್ನೇ ಬೆರಳಿಟ್ಟು ತೋರಿಸಿದಳು.

"ಅಗೋ, ಅಲ್ಲೊಂದು ಖಾಲಿ ಇದೆಯಲ್ಲ."

ಗೌರಾಂಬನವರು ಹೂವಿನ ದಾರವನ್ನು ಹಲ್ಲಿನಿಂದ ಕಡಿದರು.

"ಖಾಲಿ ಇಲ್ಲಮ್ಮ ಅದು. ನನ್ನ ಸೊಸೆ ಕೆಲಸದ್ದು."

ಒಳಗೆ ಇಸ್ತ್ರಿ ಮಾಡುತ್ತಿದ್ದ ವಿನುತಳ ಕೈ ಒಂದು ಗಳಿಗೆ ನಿಂತು, ಮತ್ತೆ ಮುಂದುವರಿಯಿತು.